ತಂಗಿಯ ಕಪ್ಪುಕುಳಿ, ನನ್ನ ಹಾಲು

ತಂಗಿ ಪುಣೆಯಲ್ಲಿ ಗ್ಯಾಲಕ್ಸಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ನಾನು ಭದ್ರಾವತಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಎಮ್ಮೆಸ್ಸಿಯಲ್ಲಿ ಅವಳಿಗಿಂತ ಹೆಚ್ಚು ಅಂಕ ಬಂದದ್ದು ನನಗೆ. ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷ ನಮ್ಮ ಪ್ರಿನ್ಸಿಪಾಲರು ಅವಳನ್ನು ಕಾಲೇಜಿಗೆ ಭಾಷಣಕ್ಕೆ ಕರೆದರು. ಅವಳ ವಿಮಾನ ಸೋಗಾನೆಯಲ್ಲಿ ಇಳಿಯುವ ಮೊದಲೇ ಅಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವಳಿಗೊಂದು ರೇಷ್ಮೆ ಸೀರೆ ಕೊಂಡಾಗಿತ್ತು. ಚೀಲ ಹೊತ್ತವಳು ನಾನು. ವಾಪಸು ಬರುವಾಗ, ಬಸ್ಸು ಮಲವಗೊಪ್ಪ ದಾಟಿದ ಮೇಲೆ, “ನಿಂಗೂ ಒಂದು ತಗೋಬೇಕಿತ್ತೇನೋ” ಎಂದಳು ಅಮ್ಮ. ನನಗೆ ಮೈಯೆಲ್ಲ ಉರಿಯಿತು.

ಮನೆಯಲ್ಲಿ, ನೆಂಟರಲ್ಲಿ ಅವಳೇ ದೊಡ್ಡವಳು. ನಾನು ಪಾಠ ಹೇಳುವ ಮಕ್ಕಳ ಮುಂದೆ, ಆ ತರಗತಿಯಲ್ಲಾದರೂ, ತಿಳಿದವಳು ಎಂದರೆ ನಾನೇ ಆಗಿ ಉಳಿಯಬೇಕಿತ್ತು.

ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ದೊಡ್ಡ ಗ್ಯಾಲಕ್ಸಿಗಳ ನಡುಮಧ್ಯೆ ಒಂದು ಭಾರೀ ಕಪ್ಪುಕುಳಿ ಇರುತ್ತದೆ, ಎರಡೂ ಜೊತೆಜೊತೆಗೇ ಬೆಳೆದಂತೆ ಕಾಣುತ್ತದೆ ಎಂದಳು. ಆಮೇಲೆ ಬರೀ ಸೂತ್ರಗಳು. ಮಕ್ಕಳು ಆಕಳಿಸತೊಡಗಿದರು. ನನಗೆ ಒಳಗೊಳಗೇ ಖುಷಿ.

“ಅಕ್ಕಾ, ಕನ್ನಡದಲ್ಲಿ ನೀನೇ ಸ್ವಲ್ಪ ಹೇಳೇ” ಎಂದಳು.

ಎದ್ದು ನಿಂತೆ. “ಹಾಲಿಟ್ಟು ಉರಿ ಜೋರು ಮಾಡಿದ್ರೆ ಏನಾಗುತ್ತೆ? ಹಾಲು ಉಕ್ಕಿ ಒಲೆನೇ ಆರಿಸುತ್ತೆ. ಕಪ್ಪುಕುಳಿನೂ ಹಂಗೇ. ಗ್ಯಾಲಕ್ಸಿಯ ಅನಿಲ ಅದರೊಳಗೆ ಬೀಳೋ ಮುಂಚೆ ವಿಪರೀತ ಕಾಯುತ್ತೆ. ಆ ಕಾವಿಗೆ ಸುತ್ತಲಿನ ಅನಿಲ ಹೊರಗೆ ಚಿಮ್ಮುತ್ತೆ. ಆಮೇಲೆ ಹೊಸ ನಕ್ಷತ್ರ ಹುಟ್ಟೋಕೂ ಅನಿಲ ಸಾಲಲ್ಲ, ಕಪ್ಪುಕುಳಿಗೆ ತಿನ್ನೋಕೂ ಸಿಗಲ್ಲ. ಒಂದನ್ನ ಬಿಟ್ಟು ಇನ್ನೊಂದು ಮನಸ್ಸಿಗೆ ಬಂದಷ್ಟು ಬೆಳೆಯೋಕಾಗಲ್ಲ.”

ಮಕ್ಕಳು ಚಪ್ಪಾಳೆ ತಟ್ಟಿದರು. ಅವಳಿಗಲ್ಲ, ನನಗೆ.

ಊಟಕ್ಕೆ ಕೂತಾಗ ತಂಗಿ ಕೇಳಿದಳು: “ಆ ಹಾಲಿನ ಉದಾಹರಣೆ ನಾನು ಇಟ್ಕೊಳ್ಳಲೇನೇ?”

ಗೆದ್ದ ಹಮ್ಮಿನಲ್ಲಿದ್ದೆ. “ಇಟ್ಕೋ ಮಾರಾಯ್ತಿ” ಎಂದೆ.

ಇಟ್ಟುಕೊಂಡಳು. ಆಮೇಲೆ ಅವಳು ಕನ್ನಡದಲ್ಲೇ ಮಾಡಿದ ಒಂದು ಭಾಷಣದ ವಿಡಿಯೋ ಈಗ ಊರವರೆಲ್ಲರ ಮೊಬೈಲಿನಲ್ಲಿದೆ. ಹಾಲು ಉಕ್ಕುವಾಗ ಸಭೆಯೆಲ್ಲ ನಗುತ್ತದೆ. ಅಮ್ಮ ಅದನ್ನು ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾಳೆ. ನನ್ನ ಹೆಸರು ಹಾಗಿರಲಿ, ಅಕ್ಕ ಎಂಬ ಮಾತೂ ಅದರಲ್ಲಿಲ್ಲ.

ಈ ವರ್ಷದ ಹೊಸ ತರಗತಿಯಲ್ಲಿ ನಾನು ಹಾಲಿನ ಮಾತು ತೆಗೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಪಾಪ, ಮೆಚ್ಚಿಕೊಂಡೇ ಕೇಳಿದಳು: “ಮೇಡಂ, ನೀವೂ ಆ ಮೇಡಂ ವಿಡಿಯೋ ನೋಡ್ತೀರಾ?”

“ನೋಡ್ತೀನಮ್ಮ” ಎಂದೆ. ಸುಳ್ಳೇನಲ್ಲ. ಎಲ್ಲಾದರೂ ಒಂದು ತಪ್ಪು ಸಿಕ್ಕೀತೇ ಎಂದು ಪದೇ ಪದೇ ನೋಡುತ್ತೇನೆ.