ಮಸ್ಕತ್ತಿನ ಕಿಟಕಿಗೆ ಒದ್ದೆ ಸೀರೆ

"ಇದೇನ್ ಮಾಡೀಬೇ ಯವ್ವಾ! ಮನೀನ ಇಡ್ಲಿ ಪಾತ್ರಿ ಆಗೇತಲ್ಲ!" ಕೆಲಸದಿಂದ ಬಂದ ಮಗಳು ಬಾಗಿಲಲ್ಲೇ ಕೂಗಿದಳು. ಮಸ್ಕತ್ತಿನ ಅವಳ ಮನೆಯಲ್ಲಿ ಎಸಿ ಕೆಟ್ಟಿತ್ತು. ಮೈತುಂಬ ಬೆವರುಸಾಲೆ ಎದ್ದು ಮೊಮ್ಮಗಳು ಒಂದೇ ಸಮನೆ ಅಳುತ್ತಿದ್ದಳು. ನಾನು ನಮ್ಮ ಯರಗುಪ್ಪಿಯಲ್ಲಿ ಮಾಡುವಂತೆ ನೆಲಕ್ಕೆ ನೀರು ಹೊಡೆದು, ಕಿಟಕಿಗೆ ಒದ್ದೆ ಸೀರೆ ಕಟ್ಟಿದ್ದೆ. ಸಮುದ್ರದ ಆ ಜಿಗುಟು ಗಾಳಿಗೆ ಸೀರೆ ಆರಲೇ ಇಲ್ಲ, ಸೆಕೆ ಇಮ್ಮಡಿಯಾಯಿತು.

ಅಳು ಕೇಳಿ ಎದುರು ಮನೆಯ ಕೇರಳದ ಹೆಂಗಸು ಬಂದು ಕೂಸನ್ನು ಎತ್ತಿಕೊಂಡಳು. ಅವಳಿಗೆ ಕನ್ನಡ ತಿಳಿಯದಲ್ಲ ಎಂದು ಚೇಷ್ಟೆಗೆ, "ನನ್ನೂ ಎತ್ಕೊಂಡ್ ಹೋಗ ತಂಗೀ" ಅಂದೆ. ಅವಳು ನಕ್ಕು ನನ್ನ ಕೈಯನ್ನೂ ಹಿಡಿದಳು. ತನ್ನ ತಂಪು ಕೋಣೆಯ ಮಂಚದಲ್ಲಿ ನಮ್ಮಿಬ್ಬರನ್ನೂ ಮಲಗಿಸಿ, ನಿದ್ದೆ ಕೆಡದಿರಲೆಂದು ತಾನು ಹೊರಗಿನ ಸೆಕೆಯಲ್ಲಿ ಕುಳಿತಳು.

ಊರಿಗೆ ಮರಳಿದ ಮೇಲೂ, ಹೊಲದ ಗಾಳಿಗೆ ಮೈ ಆರಿದಾಗಲೆಲ್ಲ ನಮಗಾಗಿ ಬೆವರುತ್ತ ಕುಳಿತವಳು ನೆನಪಾಗುತ್ತಾಳೆ. ಅವಳ ಹೆಸರನ್ನೇ ಕೇಳಲಿಲ್ಲ.