ಸುಭದ್ರಾ ಹೇಳಿದ ‘ಹೌದು’

ಬ್ರಿಸ್ಬೇನಿನ ಇಂಡೂರೂಪಿಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ ಸುಭದ್ರಾ ಅವರದು. ಮೈಸೂರಿನವರು, ವಯಸ್ಸು ಐವತ್ತನಾಲ್ಕು. ಸೂಜಿ ಚುಚ್ಚುವಾಗ ಅವರ ಕೈ ಎಷ್ಟು ಮೆತ್ತಗೋ, ಫುಟ್‌ಬಾಲ್ ಮೈದಾನದಲ್ಲಿ ಗಂಟಲು ಅಷ್ಟೇ ಗಟ್ಟಿ. ಹನ್ನೊಂದು ವರ್ಷದಿಂದ ಒಂದೇ ತಂಡದ ಅಭಿಮಾನಿ, ಆ ಕ್ಲಬ್ಬಿಗೆ ಚಂದಾ ಕಟ್ಟುವ ಸದಸ್ಯೆ. ಪಂದ್ಯವಿರುವ ಶನಿವಾರ ಅವರನ್ನು ಹುಡುಕುವವರು ಮನೆಗೆ ಫೋನ್ ಮಾಡುವುದಿಲ್ಲ.

ಅಲ್ಲಿ ಫುಟ್‌ಬಾಲ್ ಎಂದರೆ ರಗ್ಬಿ; ಚೆಂಡನ್ನು ಎದೆಗವಚಿಕೊಂಡು ಓಡಿ ಎದುರಾಳಿಯ ಗೆರೆಯಾಚೆ ನೆಲಕ್ಕೆ ಊರಬೇಕು. ಅದಕ್ಕೆ ‘ಟ್ರೈ’ ಎಂದು ಹೆಸರು. ಟಿವಿಯಲ್ಲಿ ಅಮೆರಿಕದ ಆಟ ನೋಡುವ ಗಂಡ ರಮಾಕಾಂತ್ ಮಾತ್ರ ‘ಟಚ್‌ಡೌನ್’ ಎಂದೇ ಹಟ ಹಿಡಿಯುತ್ತಾರೆ. ಹೆಸರು ಯಾವುದಾದರೂ ಇರಲಿ, ಸುಭದ್ರಾ ಕಾಯುವುದು ಅದರ ನಂತರದ ಗಳಿಗೆಗೆ. ತಂಡದಲ್ಲಿ ಮನಾಸೆ ಎಂಬ ಆಟಗಾರನಿದ್ದಾನೆ, ಪೆಸಿಫಿಕ್ ಸಾಗರದ ದ್ವೀಪದವನು. ಚೆಂಡು ಊರಿದೊಡನೆ ಅವನು ಮಂಡಿಯೂರಿ, ಇಲ್ಲದ ಹುಟ್ಟು ಹಿಡಿದು, ಇಲ್ಲದ ದೋಣಿ ನಡೆಸುತ್ತಾನೆ. ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ. ಗ್ಯಾಲರಿಯಲ್ಲಿ ಸುಭದ್ರಾ ಕೂಡ ಎದ್ದು ನಿಂತು ಹುಟ್ಟು ಹಾಕುತ್ತಾರೆ.

ಇದಕ್ಕೊಂದು ಹಳೆಯ ಕಾರಣವಿತ್ತು. ಹೈಸ್ಕೂಲಿನಲ್ಲಿ ಖೋ-ಖೋ ಫೈನಲ್ ಗೆದ್ದ ದಿನ ಕುಪ್ಪಳಿಸಿದ್ದಕ್ಕೆ, “ಹೆಣ್ಣುಮಕ್ಕಳಿಗೆ ಇಷ್ಟು ಕೊಬ್ಬು ಇರಬಾರದು” ಎಂದು ಪಿ.ಟಿ. ಮೇಷ್ಟ್ರು ಬಹುಮಾನದ ಸಾಲಿನಿಂದಲೇ ಅವರನ್ನು ಹೊರಗೆ ನಿಲ್ಲಿಸಿದ್ದರು. ಆ ದಿನ ಸುಭದ್ರಾ ತುಟಿ ಬಿಚ್ಚಿರಲಿಲ್ಲ. ತುಟಿ ಬಿಚ್ಚಲಿಲ್ಲವಲ್ಲ ಎಂಬ ಸಿಟ್ಟು ಮಾತ್ರ ನಲವತ್ತು ವರ್ಷವಾದರೂ ಆರಿಲ್ಲ.

ಈ ಸಲದ ಜೂನಿನಲ್ಲಿ, ಟ್ರೈ ಆದ ಮೇಲಿನ ಕುಣಿತ ಅತಿಯಾಯಿತು ಎಂದು ಕೆಲವು ಅಭಿಮಾನಿಗಳು ದೂರು ಕೊಟ್ಟರು. ಕ್ಲಬ್ಬು ಸಮೀಕ್ಷೆ ಶುರುಮಾಡಿತು. ಮೈದಾನದ ಗೇಟಿನಲ್ಲಿ ಟ್ಯಾಬ್ಲೆಟ್ ಹಿಡಿದ ಹುಡುಗಿಯೊಬ್ಬಳು ಸುಭದ್ರಾ ಅವರನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಕೇಳಿದಳು: “ಟ್ರೈ ಆದ ಮೇಲೆ ಇವರು ಹೀಗೆ ಕುಣಿದರೆ ನಿಮಗೆ ಬೇಸರವಿಲ್ಲವೇ?”

“ಯೆಸ್, ಯೆಸ್,” ಎಂದರು ಸುಭದ್ರಾ, ತಲೆಯನ್ನು ಧಾರಾಳವಾಗಿ ಆಡಿಸುತ್ತ.

“ಮಕ್ಕಳು ನೋಡುತ್ತಾರೆ ಅಂತಲೇ?”

“ಯೆಸ್, ಮಕ್ಕಳು ತುಂಬಾ ನೋಡುತ್ತಾರೆ.”

ಹುಡುಗಿ ಎಲ್ಲವನ್ನೂ ಒತ್ತಿಕೊಂಡು ಒಂದು ಫೋಟೋ ತೆಗೆದಳು. ಸುಭದ್ರಾ ಸೆರಗಿನಂತೆ ಸ್ಕಾರ್ಫ್ ಸರಿಮಾಡಿಕೊಂಡು ನಕ್ಕರು.

ಮುಂದಿನ ಮಂಗಳವಾರ ಆ ಫೋಟೋ ಕ್ಲಬ್ಬಿನ ಪುಟದಲ್ಲಿ ಬಂತು. ಕೆಳಗೆ ದಪ್ಪ ಅಕ್ಷರ: “ನನಗೆ ಬೇಸರವಾಗುತ್ತದೆ. ಮಕ್ಕಳು ನೋಡುತ್ತಿರುತ್ತಾರೆ. — ಸುಭದ್ರಾ, ಹನ್ನೊಂದು ವರ್ಷದ ಸದಸ್ಯೆ.” ಅದರ ಕೆಳಗೆ ಇನ್ನೊಂದು ಸಾಲು: ಕುಣಿತಕ್ಕೆ ಮಿತಿ ಹಾಕುವ ಬಗ್ಗೆ ಶುಕ್ರವಾರ ತೀರ್ಮಾನ.

ಸುಭದ್ರಾ ಮೂರು ಸಲ ಓದಿದರು. ನಾನು ಯಾವಾಗ ಹೀಗೆ ಹೇಳಿದೆ? ಮಗಳು ಅನನ್ಯಾ ನಡೆದದ್ದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡಳು.

“ಅಮ್ಮಾ! ‘ಬೇಸರ ಇಲ್ವಾ’ ಅಂದ್ರೆ ನೀನು ನೋ ಅನ್ಬೇಕು. ಯೆಸ್ ಅಂದ್ರೆ ಯು ಡು ಮೈಂಡ್, ಬೇಸರ ಇದೆ ಅಂತ!”

“ಬೇಸರ ಇಲ್ವಾ ಅಂದ್ರೆ, ಹೌದು, ಇಲ್ಲ ಅಂತ ತಾನೇ?”

“ನಾಟ್ ಇನ್ ಇಂಗ್ಲಿಷ್, ಅಮ್ಮಾ.”

ಅಷ್ಟರಲ್ಲಿ ಪರ್ತ್‌ನ ಗಣಿಯಲ್ಲಿ ಎಂಜಿನಿಯರ್ ಆಗಿರುವ ತಮ್ಮ ಶ್ರೀಪತಿಯ ಫೋನು: “ಅಕ್ಕಾ, ನಿಂಗೇನಾಯ್ತೇ? ಆ ದೋಣಿಯವನು ಅಂದ್ರೆ ಪ್ರಾಣ ಬಿಡ್ತಿದ್ದೆ!” ಅದು ಮುಗಿಯುವಷ್ಟರಲ್ಲಿ ಕನ್ನಡ ಸಂಘದ ಗುರುದತ್.

“ಮೇಡಂ, ಸರಿಯಾಗಿ ಹೇಳ್ಬಿಟ್ರಿ! ಒಂದು ಸ್ಕೋರ್ ಮಾಡಿದ್ರೆ ಅವ್ನಿಗೆ ಅಷ್ಟು ಕೊಬ್ಬಾ?”

“ಗುರುದತ್ ಅವರೇ, ಇಂಡಿಯಾ ಕ್ರಿಕೆಟ್ ಗೆದ್ದಾಗ ಪೆಟ್ರೋಲ್ ಹಾಕ್ಸೋ ಸರ್ವೋ ಮುಂದೆ ಅರ್ಧ ಗಂಟೆ ಕುಣಿದೋರು ಯಾರು?”

“ಅದು ಬೇರೆ ಬಿಡಿ ಮೇಡಂ. ಅದು ಖುಷಿ.”

“ನಿಮ್ಮದು ಖುಷಿ, ಅವನದು ಕೊಬ್ಬು. ಚೆನ್ನಾಗಿದೆ ನಿಮ್ಮ ತಕ್ಕಡಿ!” ಸುಭದ್ರಾ ಫೋನ್ ಕುಕ್ಕಿದರು.

ಸಂಜೆ ಎಯ್ಟ್ ಮೈಲ್ ಪ್ಲೇನ್ಸಿನ ಆಫೀಸಿನಿಂದ ಬಂದ ರಮಾಕಾಂತ್ ಸಮಾಧಾನ ಹೇಳಲು ನೋಡಿದರು. “ಬಿಡೇ, ಸಾವಿರಾರು ಜನರಲ್ಲಿ ನೀನೊಬ್ಳು. ನಾಳೆ ಎಲ್ರೂ ಮರೀತಾರೆ.”

“ನನ್ನ ಹೆಸರು ಹೇಳ್ಕೊಂಡು ಅವನ ಕೈ ಕಟ್ಟಿ ಹಾಕ್ತಾರಂತೆ. ನಾನು ಮರೀಬೇಕಾ?”

ಕ್ಲಬ್ಬಿಗೆ ಎರಡು ಇಮೇಲ್ ಕಳಿಸಿದರು. ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂದು ಯಂತ್ರ ಎರಡು ಸಲ ಉತ್ತರ ಕೊಟ್ಟಿತು. ಗುರುವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ಅರ್ಧ ದಿನದ ರಜೆ ಹೇಳಿ, ಸಮವಸ್ತ್ರದಲ್ಲೇ ಕ್ಲಬ್ಬಿನ ಕಚೇರಿಗೆ ಹೋದರು.

ಸದಸ್ಯರ ವಿಭಾಗದ ಯುವಕ ಅವರ ದೂರನ್ನು ನಗುನಗುತ್ತಲೇ ಕೇಳಿಸಿಕೊಂಡ. ಸಮೀಕ್ಷೆ ಮುಗಿದಿದೆ, ಅಂಕಿ ಅಂಶ ತಿದ್ದುವಂತಿಲ್ಲ ಎಂದ. ಬೇಕಾದರೆ ಮುಂದಿನ ಪಂದ್ಯಕ್ಕೆ ಒಳ್ಳೆಯ ಜಾಗದಲ್ಲಿ ಎರಡು ಸೀಟು ಕೊಡುತ್ತೇವೆ ಎಂದ.

“ನನಗೆ ಸೀಟಿದೆ,” ಎಂದರು ಸುಭದ್ರಾ. ಇಂಗ್ಲಿಷ್ ತಡವರಿಸುತ್ತಿತ್ತು. ಆದರೂ ನಿಲ್ಲಿಸಲಿಲ್ಲ. “ನಾನು ರಕ್ತದ ಸೀಸೆಯ ಮೇಲೆ ತಪ್ಪು ಹೆಸರು ಅಂಟಿಸಿದರೆ ಏನಾಗುತ್ತದೆ ಗೊತ್ತೇ? ಒಬ್ಬರ ರೋಗ ಇನ್ನೊಬ್ಬರಿಗೆ ಹೋಗುತ್ತದೆ. ಯಾರದೋ ಹೊಟ್ಟೆಕಿಚ್ಚಿಗೆ ನೀವು ನನ್ನ ಹೆಸರು ಅಂಟಿಸಿದ್ದೀರಿ.”

ಯುವಕನ ನಗು ನಿಂತಿತು. ಕಂಪ್ಯೂಟರಿನತ್ತ ತಿರುಗಿ, “ಸರಿ, ನಿಮ್ಮ ಫೋಟೋ, ಹೆಸರು ಎರಡನ್ನೂ ಈಗಲೇ ತೆಗೆದುಬಿಡುತ್ತೇನೆ,” ಎಂದ.

“ತೆಗೆಯಬೇಡಿ! ತೆಗೆದರೆ ನಾನು ಏನೂ ಹೇಳಲೇ ಇಲ್ಲ ಅಂತಾಗುತ್ತದೆ. ನಾನು ಹೇಳಿದ್ದೇನೆ. ಹೇಳಿದ್ದನ್ನು ಹಾಕಿ.”

ಅವನು ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಆಮೇಲೆ ಟೈಪ್ ಮಾಡತೊಡಗಿದ. ಸುಭದ್ರಾ ಮೇಜಿನ ಮೇಲೆ ಬಾಗಿ ಒಂದೊಂದು ಪದವನ್ನೂ ಓದಿದರು: “ಮನಾಸೆ ಕುಣಿದರೆ ನನಗೆ ಸಂತೋಷ. ಮಕ್ಕಳೂ ನೋಡಲಿ. ನಾಳೆ ಮಿತಿ ಹಾಕುವುದಾದರೆ ನನ್ನ ಹೆಸರಿನಲ್ಲಿ ಹಾಕಬೇಡಿ.”

“ಇಷ್ಟು ಸಾಕೇ?” ಎಂದ ಯುವಕ.

“ಇನ್ನೊಂದು ಸಾಲು. ‘ಕ್ಲಬ್ಬು ಕೇಳಿದ ಪ್ರಶ್ನೆಯೇ ಸೊಟ್ಟಗಿತ್ತು.’”

ಅವನು ಕೀಬೋರ್ಡಿನಿಂದ ಬೆರಳು ಎತ್ತಿ ಅವರ ಮುಖ ನೋಡಿದ. ಸುಭದ್ರಾ ಕುರ್ಚಿ ಎಳೆದುಕೊಂಡು ಕೂತರು. ಫೋನ್ ತೆಗೆದು ಕ್ಲಬ್ಬಿನ ಪುಟ ತೆರೆದು, ಆ ಸಾಲು ಅಲ್ಲಿ ಬರುವುದನ್ನು ಕಣ್ಣಾರೆ ನೋಡಲು ಎದುರಿಗೆ ಇಟ್ಟುಕೊಂಡರು.