ಮುಚ್ಚಳದ ಬಿಗಿ ನೋಡುವ ಬೇಡಪ್ಪ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಔಷಧಿ ಅಂಗಡಿಯೊಂದರ ಮುಂದೆ ನಿಂತಿರುವ ಬಿಳಿ ಪಿಕಪ್‌ನ ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಬಗ್ಗಿದ್ದಾರೆ. ಗಂಡನ ಕೈಯಲ್ಲಿ ಟಾರ್ಚು. ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಹಿಂದಿನ ಸಾಮಾನು ತುಂಬುವ ಬಾಡಿಯ ಮೇಲಿನ ಕಪ್ಪು ಮುಚ್ಚಳವನ್ನು ಅರ್ಧ ಎತ್ತಿ ತಲೆಯಿಂದಲೇ ತಡೆದು, ತಗಡಿನ ಅಂಚಿನ ಕೆಳಗೆ ಮೊಣಕೈವರೆಗೆ ಕೈ ತೂರಿಸಿದ್ದಾರೆ.

“ತಗಡು ಸಿಗ್ತಾ?”

“ಸಿಗ್ತು.”

“ಮಧ್ಯ ಪ್ಲಾಸ್ಟಿಕ್ ಏನಾದ್ರೂ?”

“ಇಲ್ಲ ಕಣ್ರೀ. ತಣ್ಣಗೆ ತಗಡೇ ಇದೆ.”

“ಇನ್ನೊಂದ್ಸಲ ನೋಡು.”

ಆಕೆ ಮತ್ತೆ ನೋಡುತ್ತಾರೆ. ಹೀಗೆ ಎಂಟು ಕಡೆ. ಗಾಡಿಯ ಮಾಲೀಕರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿರುತ್ತಾರೆ. ಆದರೆ ಅಕ್ಕಪಕ್ಕದವರಿಗೆ ಗೊತ್ತಿರಬೇಕಲ್ಲ? ಹೋದ ವಾರ ಒಬ್ಬರು ಕಳ್ಳರೆಂದು ತಿಳಿದು ಮಹಡಿಯಿಂದ ಒಂದು ಬಕೆಟ್ ನೀರು ಸುರಿದರಂತೆ. “ಒಳ್ಳೇದೇ ಆಯ್ತು, ಮುಚ್ಚಳ ಸೋರುತ್ತಾ ಅಂತ ಅದೂ ನೋಡಿದ ಹಾಗಾಯ್ತು” ಎಂದು ಹೆಂಡತಿ ನಗುತ್ತಾರೆ. ಗಂಡ ನಗುವುದಿಲ್ಲ. ಅವರು ಪುಸ್ತಕದಲ್ಲಿ ಗಾಡಿಯ ನಂಬರಿನ ಮುಂದೆ ಗುರುತು ಹಾಕುತ್ತಿದ್ದಾರೆ. ಪೆನ್ನು ಬೆರಳಿನಿಂದ ಎರಡು ಸಲ ಜಾರಿ ಬೀಳುತ್ತದೆ.

ಟಾರ್ಚು ಹಿಡಿದಿರುವ ಇವರು ಪಿಕಪ್ ಗಾಡಿಗಳಿಗೆ ಗಟ್ಟಿ ಮುಚ್ಚಳ ಕೂರಿಸುತ್ತಾ ಬಂದವರು. ವಯಸ್ಸು ಐವತ್ತೇಳು. ಈ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷ, ಕೂರಿಸಿದ ಮುಚ್ಚಳ ಮೂರು ಸಾವಿರದ ಮೇಲೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಕರೆಯುವುದು ಬೇಡಪ್ಪ ಎಂದು. ಅದು ತಂದೆತಾಯಿ ಇಟ್ಟ ಹೆಸರಲ್ಲ. ಗಿರಾಕಿ ಬಂದು ಯಾವುದಾದರೂ ಮುಚ್ಚಳವನ್ನು ತೋರಿಸಿದರೆ ಸಾಕು, ಇವರ ಬಾಯಿಂದ ಮೊದಲು ಬರುವ ಮಾತು: “ಅದು ನಿಮಗೆ ಬೇಡಪ್ಪ.”

ಬೇಡ ಎನ್ನುವುದಕ್ಕೆ ಅವರಲ್ಲಿ ಕಾರಣ ಇದ್ದೇ ಇರುತ್ತದೆ. ಆ ದಿನ ಹತ್ತು ಗಂಟೆಗೆ ಮುಚ್ಚಳದ ಅಂಗಡಿಗೆ ಅಕ್ಕ ತಮ್ಮ ಇಬ್ಬರು ಬರುತ್ತಾರೆ. ಹೂಕುಂಡಗಳನ್ನೂ ಸಸಿಗಳನ್ನೂ ಮನೆಮನೆಗೆ ತಲುಪಿಸುವುದು ಅವರ ಕಸುಬು. ತಮ್ಮನ ಕಣ್ಣು ನೆಟ್ಟಿರುವುದು ಒಂದೇ ಹಲಗೆಯ, ಮಿರಮಿರ ಮಿಂಚುವ ಫೈಬರ್ ಮುಚ್ಚಳದ ಮೇಲೆ.

“ನಿಮ್ಮಲ್ಲಿ ಎಲ್ಲಕ್ಕಿಂತ ಎತ್ತರದ ಗಿಡ ಎಷ್ಟಿರುತ್ತಮ್ಮ?” ಬೇಡಪ್ಪ ಅಕ್ಕನನ್ನು ಕೇಳುತ್ತಾರೆ.

“ಒಂದೊಂದು ಆಳೆತ್ತರ ಇರುತ್ತೆ.”

“ವಾರಕ್ಕೆ ಎಷ್ಟು ಸಲ?”

“ಮೂರ್ನಾಲ್ಕು ಸಲ.”

“ಹಾಗಾದ್ರೆ ಇದು ಬೇಡಪ್ಪ. ಇದು ನಲವತ್ತೊಂದು ಕೆಜಿ. ಎತ್ತಿಡೋಕೆ ಇಬ್ಬರು ಬೇಕು. ನಾಲ್ಕು ದಿನ ನೀವಿಬ್ಬರೂ ಎತ್ತಿಡ್ತೀರಿ, ಐದನೇ ದಿನ ಜಗಳ ಆಡ್ತೀರಿ, ಆರನೇ ದಿನ ಅರ್ಧ ಬಿಚ್ಚಿ ಅರ್ಧ ಹಾಕಿ ಹೊರಡ್ತೀರಿ. ಮೂರು ಮಡಿಕೆಯಾಗಿ ಮಡಚೋ ಮುಚ್ಚಳ ತಗೊಳ್ಳಿ. ಮಡಚಿ ಮುಂದಕ್ಕೆ ಒರಗಿಸಿ, ಬೆಲ್ಟ್ ಹಾಕಿ, ಗಿಡ ನಿಲ್ಲಿಸ್ಕೊಂಡು ಹೋಗಿ.”

“ಅದು ನೋಡೋಕೆ ಚೆನ್ನಾಗಿಲ್ಲ” ಎಂದು ತಮ್ಮ ಮುಖ ಸಿಂಡರಿಸುತ್ತಾನೆ.

“ಚೆನ್ನಾಗಿಲ್ಲ, ನಿಜ” ಎಂದು ಬೇಡಪ್ಪ ಒಪ್ಪಿಕೊಳ್ಳುತ್ತಾರೆ. ಆದರೆ ಜಗ್ಗುವುದಿಲ್ಲ. ಕೊನೆಗೆ ಅಕ್ಕ ಮೂರು ಮಡಿಕೆಯದಕ್ಕೇ ಹೂಂ ಅನ್ನುತ್ತಾಳೆ. ಎಲ್ಲರೂ ಹೀಗೆ ಒಪ್ಪುವುದಿಲ್ಲ. ಎಷ್ಟೋ ಜನ ಸಿಡುಕಿ ಎದುರು ರಸ್ತೆಯ ಅಂಗಡಿಗೆ ಹೋಗುತ್ತಾರೆ. ತಂದೆಯ ಕಾಲದ ಈ ಅಂಗಡಿಯನ್ನು ನಡೆಸುತ್ತಿರುವ ಮಾಲಕಿ ಹಣೆ ಚಚ್ಚಿಕೊಳ್ಳುತ್ತಾರೆ. ಬೈಯುವುದಿಲ್ಲ. ಯಾಕೆಂದು ಆಕೆಗೂ ಗೊತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಹಳೇ ಸ್ಟೀಲ್ ಬೀರುಗಳನ್ನು ಕೊಂಡು ಮಾರುವ ಒಬ್ಬಾತ ಇದೇ ಮಿರಮಿರ ಮಿಂಚುವ ಮುಚ್ಚಳ ಬೇಕೆಂದ. “ಬೀರು ನಿಲ್ಲಿಸಿ ಒಯ್ಯೋದಿಲ್ವಾ?” ಎಂದು ಆಗಲೂ ಇವರು ಕೇಳಿದ್ದರು. “ಅದನ್ನೆಲ್ಲ ನಾನು ನೋಡ್ಕೋತೀನಿ, ನೀನು ಹಾಕಣ್ಣ” ಎಂದನಂತೆ. ಇವರು ಹಾಕಿದರು. ಆಗ ಇವರಿನ್ನೂ ಬೇಡಪ್ಪ ಆಗಿರಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಆ ಮುಚ್ಚಳ ಗಾಳಿಗೆ ಎದ್ದು ಹಾರಿತು. ಹಿಂದೆ ಸ್ಕೂಟರ್‌ನಲ್ಲಿ ಬರುತ್ತಿದ್ದವರು ಒಬ್ಬ ನರ್ಸ್. ಕೆಲಸ ಮುಗಿಸಿ ಮನೆಗೆ ಹೊರಟಿದ್ದರು. ಆಕೆ ಮನೆ ತಲುಪಲಿಲ್ಲ.

ವಿಚಾರಣೆ ನಡೆಯಿತು. ಬೀರು ಸಾಗಿಸುವುದಕ್ಕೆ ಗಾಡಿಯ ಮಾಲೀಕನೇ ಮುಚ್ಚಳ ಬಿಚ್ಚಿ ಮತ್ತೆ ಕೂರಿಸಿದ್ದ, ಅದನ್ನು ಬಾಡಿಗೆ ಬಿಗಿಯುವ ಎಂಟು ಕ್ಲಾಂಪುಗಳನ್ನು ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ತಿರುಗಿಸಿ ಬಿಟ್ಟಿದ್ದ ಎಂದು ತೀರ್ಮಾನವಾಯಿತು. ಅಳವಡಿಸಿದವರ ಲೋಪ ಕಂಡುಬಂದಿಲ್ಲ ಎಂದು ಬರೆದ ಕಾಗದದ ಪ್ರತಿಯೊಂದು ಬೇಡಪ್ಪನ ಮನೆಯ ಕಪಾಟಿನಲ್ಲಿದೆ. ಅವರು ಅದನ್ನು ಯಾರಿಗೂ ತೋರಿಸುವುದಿಲ್ಲ.

ಆಮೇಲೊಮ್ಮೆ ಬೀರಿನವನೇ ಎದುರು ಸಿಕ್ಕಿದ್ದ. “ಎಂಟೂ ಕ್ಲಾಂಪು ನಾನೇ ಬಿಚ್ಚಿದ್ನೋ, ಮುಂದಿನ ಎರಡು ನೀನು ಹಾಕಿದ ಹಾಗೇ ಬಿಟ್ಟಿದ್ನೋ, ಈಗ ನೆನಪಿಲ್ಲಣ್ಣ” ಎಂದು ಅತ್ತನಂತೆ. ಮುಂದಿನ ಆ ಎರಡು ಕ್ಲಾಂಪು ಸ್ಥಳದಲ್ಲಿ ಸಿಗಲೇ ಇಲ್ಲ.

“ಆವತ್ತು ನಾನು ಇನ್ನೊಂದು ಮಾತು ಜಾಸ್ತಿ ಆಡಬೇಕಿತ್ತು” ಎನ್ನುತ್ತಾರೆ ಬೇಡಪ್ಪ. “ಬೇಡಪ್ಪ ಅಂತ ಒಂದೇ ಒಂದು ಮಾತು. ಊಟದ ಹೊತ್ತಾಗಿತ್ತು. ಹಸಿವಾಗಿತ್ತು. ಹಾಕಿ ಕಳಿಸಿಬಿಟ್ಟೆ.”

ನರ್ಸಿನ ಗಂಡ ದರ್ಜಿ. ಪೇಟೆಯ ಗಲ್ಲಿಯೊಂದರಲ್ಲಿ ಸಣ್ಣ ಅಂಗಡಿ. ಘಟನೆಯಾದ ಮೂರನೆಯ ತಿಂಗಳಲ್ಲಿ ಬೇಡಪ್ಪ ಅಲ್ಲಿಗೆ ಹೋಗಿದ್ದರು. ದರ್ಜಿ ಯಾರದೋ ಅಂಗಿಗೆ ಗುಂಡಿ ಹಾಕುತ್ತಾ ತಲೆ ಎತ್ತದೆ ಕೇಳಿದರಂತೆ: “ನಿಮ್ಮ ತಪ್ಪಿಲ್ಲ ಅಂತ ಬರೆದಿದ್ದಾರಲ್ಲ. ಮತ್ಯಾಕೆ ಬಂದ್ರಿ?”

“ಗೊತ್ತಿಲ್ಲ” ಎಂದರು ಇವರು.

“ಗೊತ್ತಾದಾಗ ಬನ್ನಿ.”

ಅಂದಿನಿಂದ ಶುರುವಾಗಿದ್ದು ಬೆಳಗಿನ ಈ ಓಡಾಟ. ಹೊಸ ಮುಚ್ಚಳ ನೂರು ಕಿಲೋಮೀಟರ್ ಓಡಿದ ಮೇಲೆ ರಬ್ಬರು ಕೂತು ಬಿಗಿ ಸ್ವಲ್ಪ ಸಡಿಲುತ್ತದೆ. ಆಗ ಒಮ್ಮೆ ಬಂದು ತೋರಿಸಿ ಎಂದು ಎಲ್ಲರಿಗೂ ಹೇಳಿ ಕಳಿಸುತ್ತಾರೆ. ಮೂರು ವರ್ಷದಲ್ಲಿ ಹಾಕಿದ್ದು ಮುನ್ನೂರ ಎಂಬತ್ತಾರು. ತಾವಾಗಿ ಬಂದು ತೋರಿಸಿದವರು ನೂರ ನಲವತ್ತು ಜನ. ಉಳಿದ ಇನ್ನೂರ ನಲವತ್ತಾರು ಗಾಡಿಗಳನ್ನು ಹುಡುಕಿಕೊಂಡು ಇವರೇ ಹೋಗಿದ್ದಾರೆ. ಗಾಡಿಗಳು ಕೆಲಸಕ್ಕೆ ಹೊರಡುವ ಮುಂಚೆ ಹಿಡಿಯಬೇಕಾದ್ದರಿಂದ ಬೆಳಕು ಹರಿಯುವ ಹೊತ್ತೇ ಗಟ್ಟಿ. ಕೇಳಿದವರಿಲ್ಲ, ಕೂಲಿಯೂ ಇಲ್ಲ. “ಹುಚ್ಚು ಹಿಡಿದಿದೆ ಅಂತ ನಾನೇ ಅಂದಿದ್ದೆ” ಎನ್ನುತ್ತಾರೆ ಹೆಂಡತಿ. “ಊಟಕ್ಕೆ ಕೂತ್ರೂ ಮೇಜಿನ ಅಂಚು ಒತ್ತಿ ಒತ್ತಿ ನೋಡ್ತಾರೆ. ಮಲಗಿದ್ರೆ ಮಂಚದ ಪಟ್ಟಿ.”

ಹಾಗೆ ಒತ್ತಿ ನೋಡಲು ಇನ್ನೊಂದು ಕಾರಣವೂ ಇತ್ತೆಂದು ಆಕೆಗೆ ತಡವಾಗಿ ತಿಳಿಯಿತು. ಇಪ್ಪತ್ತು ವರ್ಷ ಡ್ರಿಲ್ ಹಿಡಿದ ಬೆರಳುಗಳು ಜೋಮು ಹಿಡಿಯತೊಡಗಿದ್ದವು. ಮೊದಲು ತುದಿ ಬಿಳಿಚಿಕೊಳ್ಳುತ್ತಿತ್ತು. ಆಮೇಲೆ ಬಿಸಿ ಲೋಟ ಹಿಡಿದರೂ ಬಿಸಿ ತಿಳಿಯದಾಯಿತು. ನರ ಸತ್ತಿದೆ, ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಯಾವಾಗಿನಿಂದ ಎಂದು ಅವರು ಕೇಳಿದಾಗ ಬೇಡಪ್ಪ ಹಿಂದಿನ ದಿನಗಳನ್ನು ಎಣಿಸತೊಡಗಿದರು. ಬೀರಿನವನ ಗಾಡಿಗೆ ಮುಚ್ಚಳ ಹಾಕಿದ ದಿನ ಬೆರಳು ಹೇಗಿತ್ತು? ಆ ಪ್ರಶ್ನೆ ಹೊತ್ತುಕೊಂಡೇ ಮನೆಗೆ ಬಂದರು.

ಈ ಕೆಲಸದಲ್ಲಿ ಬೆರಳಿಗೆ ಬದಲಿಯಿಲ್ಲ. ಬಾಡಿಯ ಅಂಚಿನ ತಗಡು ಒಳಕ್ಕೆ ಮಡಿಚಿಕೊಂಡಿರುತ್ತದೆ. ಕ್ಲಾಂಪು ಆ ಮಡಿಕೆಯನ್ನು ಕಚ್ಚಿ ಹಿಡಿಯಬೇಕು. ಬಾಡಿಯೊಳಗೆ ಗೀರು ಬೀಳದಿರಲೆಂದು ಹಾಸಿದ ಪ್ಲಾಸ್ಟಿಕ್ಕಿನ ಅಂಚು ಅಲ್ಲೆಲ್ಲಾದರೂ ಸಿಕ್ಕಿಕೊಂಡರೆ ಕ್ಲಾಂಪು ತಗಡಿನ ಬದಲು ಅದನ್ನೇ ಕಚ್ಚುತ್ತದೆ. ಬಿಗಿ ಅಳೆಯುವ ಸ್ಪ್ಯಾನರ್ ಬಿಗಿಯಾಯಿತೆಂದು ಟಿಕ್ ಎನ್ನುತ್ತದೆ. ಹತ್ತು ಬಿಸಿಲು ಕಂಡ ಮೇಲೆ ಪ್ಲಾಸ್ಟಿಕ್ ಮೆತ್ತಗಾಗಿ, ಹಿಡಿತ ಬಿಡುತ್ತದೆ. ಕನ್ನಡಿ ಹಿಡಿದರೂ ಆ ಮೂಲೆ ಕಾಣುವುದಿಲ್ಲ. ಬೆರಳೇ ಹೋಗಿ ನೋಡಿ ಬರಬೇಕು.

ಹೋದ ತಿಂಗಳು ಬ್ರೆಡ್ ಸಾಗಿಸುವ ಪಿಕಪ್ ಒಂದನ್ನು ನೋಡಲು ಹೋದಾಗ ಮುಚ್ಚಳದ ಮುಂದಿನ ಮೂಲೆ ಅಲುಗಾಡಿತು. ಬಿಚ್ಚಿದರೆ ಕ್ಲಾಂಪಿನ ಬಾಯಲ್ಲಿ ಹೆಬ್ಬೆರಳಗಲದ ಕಪ್ಪು ಪ್ಲಾಸ್ಟಿಕ್. ಗಾಡಿಯವನು ಅದನ್ನು ಮುಟ್ಟಿಯೇ ಇರಲಿಲ್ಲ. ಹಾಕಿದವರು ಇವರೇ, ಬಿಗಿ ಮಾಡಿದವರು ಇವರೇ, ಸರಿಯಿದೆ ಎಂದು ಬೆರಳಾಡಿಸಿ ನೋಡಿದವರೂ ಇವರೇ.

ಅಲ್ಲೇ ಫುಟ್‌ಪಾತ್ ಮೇಲೆ ಕೂತುಬಿಟ್ಟರಂತೆ. ಬ್ರೆಡ್ಡಿನವನು ಗಾಬರಿಯಾಗಿ ನೀರು ತಂದುಕೊಟ್ಟ.

ಸಂಜೆ ಮಾಲಕಿಯ ಮುಂದೆ ಸ್ಪ್ಯಾನರ್ ಇಟ್ಟು, “ಇನ್ನು ನಾನು ಹಾಕಲ್ಲಮ್ಮ” ಎಂದರು. ಆಕೆ ಹೋಗಬೇಡಿ ಎಂದು ಕೌಂಟರಿನಲ್ಲಿ ಕೂರಿಸಿದರು. ಯಾರಿಗೆ ಯಾವ ಮುಚ್ಚಳ ಎಂದು ಆರಿಸಿಕೊಡುವುದಷ್ಟೇ ಈಗಿನ ಕೆಲಸ. ಹಾಕುವವರು ಬೇರೆ ಇಬ್ಬರಿದ್ದಾರೆ. ಡ್ರಿಲ್ಲಿನ ಸದ್ದು ಕೇಳಿದಾಗಲೆಲ್ಲ ಬೇಡಪ್ಪ ಕತ್ತು ಎತ್ತುತ್ತಾರೆ, ಮತ್ತೆ ಬಗ್ಗಿಸುತ್ತಾರೆ.

ಹಾಕುವುದು ನಿಂತರೂ ಹಾಕಿದ್ದು ನಿಲ್ಲಬೇಕಲ್ಲ. ಜೋಮು ಜಾಸ್ತಿಯಾದ ಕಳೆದ ಹನ್ನೊಂದು ತಿಂಗಳಲ್ಲಿ ಕೂರಿಸಿದ್ದು ತೊಂಬತ್ತನಾಲ್ಕು. ಎಲ್ಲವನ್ನೂ ಮೊದಲಿನಿಂದ ನೋಡಬೇಕು. ನೋಡಬೇಕಾದ ಬೆರಳು ಯಾರದು? ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾರೆ. “ಕಾಲರಿನ ಒಳಗೆ ದಾರ ಸುತ್ತಿಕೊಂಡಿದ್ರೂ ನನಗೆ ಗೊತ್ತಾಗುತ್ತೆ, ಇದೇನು ಮಹಾ ಅಂದೆ” ಎನ್ನುತ್ತಾರೆ. ತಗಡು ತಾಗಿ ಆಕೆಯ ಕೈಯೆಲ್ಲ ಗೀರು. ಏಳೂವರೆಗೆ ಲಾಂಡ್ರಿಗೆ ಹೊರಡುವ ಮುನ್ನ ದಿನಕ್ಕೆ ಮೂರು ಗಾಡಿ. ಇಷ್ಟರವರೆಗೆ ಅರವತ್ಮೂರು ನೋಡಿ ಆಗಿದೆ. ಪ್ಲಾಸ್ಟಿಕ್ ಕಚ್ಚಿಕೊಂಡಿದ್ದವು ನಾಲ್ಕು. ಉಳಿದ ಮೂವತ್ತೊಂದರಲ್ಲಿ ಆರು ಗಾಡಿ ಕೈ ಬದಲಾಗಿವೆ. ಎಲ್ಲಿ ಓಡುತ್ತಿವೆಯೋ, ಯಾರಿಗೂ ತಿಳಿಯದು.

ನಾಲ್ಕನೆಯದು ಸಿಕ್ಕ ದಿನ ಬೇಡಪ್ಪ ಮತ್ತೆ ದರ್ಜಿಯ ಅಂಗಡಿಗೆ ಹೋದರು. ಹೋಗಬೇಡಿ ಎಂದು ಹೆಂಡತಿ ತಡೆದರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿದರು: “ನನ್ನ ಕೈಯಿಂದಲೂ ಆಗಿರಬಹುದು. ಆಗಿಲ್ಲ ಅಂತ ನಾನು ಹೇಳಲಾರೆ.”

ದರ್ಜಿ ಮಿಷನ್ ನಿಲ್ಲಿಸಿದರು. ಸೂಜಿಯ ಕೆಳಗಿನ ಬಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟರು. “ಇಷ್ಟು ದಿನ ಆ ಬೀರಿನವನ ಮೇಲೆ ಸಿಟ್ಟಿತ್ತು” ಎಂದರು. “ಬೆಳಗ್ಗೆ ಎದ್ದು ಅವನನ್ನ ಬೈದೇ ಅಂಗಡಿ ತೆಗೀತಿದ್ದೆ. ಈಗ ಅದನ್ನೂ ಕಿತ್ಕೊಂಡ್ರಲ್ಲ ನೀವು.”

ಬೇಡಪ್ಪ ಇದನ್ನು ಹೇಳಿ ಮುಗಿಸಿದಾಗ ಮುಚ್ಚಳದ ಅಂಗಡಿಯ ಕೌಂಟರಿನಲ್ಲಿ ಬೇರೆ ಯಾರೂ ಇಲ್ಲ. ಮನಸ್ಸು ಹಗುರಾಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ಹೇಳಿದ್ರೆ ಹಗುರ ಆಗುತ್ತೆ ಅಂತ ಎಲ್ಲರೂ ಅಂದ್ರು. ನನ್ನದು ಹಗುರ ಆಗಲಿಲ್ಲ, ಅವರದು ಭಾರ ಆಯ್ತು. ಅಷ್ಟೇ ಆಗಿದ್ದು.”

ಈ ಬರಹದ ಜೊತೆ ಹಾಕಲು ಫೋಟೋ ಕೇಳಿದರೆ ಬೇಡಪ್ಪ ಎರಡೂ ಕೈಯನ್ನು ಮುಂದೆ ಚಾಚಿ ತಡೆಯುತ್ತಾರೆ. “ನನ್ನ ಮುಖ ಹಾಕಿ ಏನು ಮಾಡ್ತೀರಿ? ಆ ಆರು ಗಾಡಿಯವರು ಪೇಪರ್ ಓದ್ತಾರೋ ಏನೋ. ಫೋಟೋ ಹಾಕೋ ಜಾಗದಲ್ಲಿ ಎರಡು ಸಾಲು ಹಾಕಿ. ಹಿಂದುಗಡೆ ಗಟ್ಟಿ ಮುಚ್ಚಳ ಇರೋ ಹಳೇ ಗಾಡಿ ಕೊಂಡಿದ್ರೆ, ನಾಳೆ ಹೊರಡೋ ಮುಂಚೆ ಒಂದ್ಸಲ ಬಗ್ಗಿ, ಕೈ ಹಾಕಿ ನೋಡಿ ಅಂತ. ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿ.”